ಆರ್ಕ್ನಿ ದ್ವೀಪಗಳ ಶಿಲಾಸ್ಮಾರಕಗಳಿಗೊಂದು ಯಾತ್ರಾಯೋಜನೆ

ಬ್ರಿಟನ್ನಿನ ಉತ್ತರದ ತುದಿಯಾಚೆಗೆ, ಪೆಂಟ್‌ಲೆಂಡ್ ಎಂಬ ಭೋರ್ಗರೆಯುವ ಜಲಸಂಧಿಯನ್ನು ದಾಟಿದರೆ, ಆರ್ಕ್ನಿ ಎಂಬ ದ್ವೀಪಸಮೂಹವೊಂದುಂಟು. ಸುಮಾರು 70 ದ್ವೀಪಗಳಲ್ಲಿ ಜನವಸತಿಯಿರುವುದು 20ರಷ್ಟರಲ್ಲಿ ಮಾತ್ರ. ಅಲ್ಲಿ ಮರಗಳು ವಿರಳ, ಗಾಳಿ ಧಾರಾಳ. ಈಜಿಪ್ಟಿನ ಮಹಾಪಿರಮಿಡ್ಡು ತಲೆಯೆತ್ತುವುದಕ್ಕೆ ಐದಾರು ಶತಮಾನಗಳ ಹಿಂದೆಯೇ ಲೋಹವನ್ನರಿಯದ ಬೇಸಾಯಗಾರರು ಇಲ್ಲಿ ಕಲ್ಲಿನ ಮನೆಗಳನ್ನೂ ಗೋರಿಗಳನ್ನೂ ಕಂಬವಲಯಗಳನ್ನೂ ನಿರ್ಮಿಸಿದರು. 1999ರಲ್ಲಿ ಇವು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಇವನ್ನು ಕಾಣಲೆಳಸುವವರು ಮೊದಲು ಏನನ್ನು ನಿಶ್ಚಯಿಸಬೇಕೆಂಬುದನ್ನು ನಾವಿಲ್ಲಿ ವಿಚಾರಿಸಿದ್ದೇವೆ.

ಮೊದಲನೆಯದು ಋತುವಿನ ಪ್ರಶ್ನೆ. ಮೇಸ್‌ಹೌ ಎಂಬ ದಿಬ್ಬಗೋರಿಯ ಇಕ್ಕಟ್ಟಾದ ಹಾದಿಯು ಸುಮಾರು 33 ಅಡಿ ಉದ್ದವಾಗಿದ್ದು, ಬೆನ್ನು ಬಗ್ಗಿಸಿಕೊಂಡೇ ಒಳಹೋಗಬೇಕಾದಷ್ಟು ತಗ್ಗಾಗಿದೆ. ಡಿಸೆಂಬರಿನ ಅಯನಸಂಕ್ರಾಂತಿಯ ಹಿಂದುಮುಂದಿನ ಕೆಲವು ವಾರಗಳಲ್ಲಿ, ಅಸ್ತಮಿಸುವ ಸೂರ್ಯನ ಕಿರಣಗಳು ಈ ಹಾದಿಯುದ್ದಕ್ಕೂ ಹರಿದು ಒಳಗಣ ಕೋಣೆಯ ಹಿಂಗೋಡೆಯನ್ನು ಬೆಳಗುತ್ತವೆ. ಐದು ಸಾವಿರ ವರ್ಷಗಳ ಈ ಲೆಕ್ಕಾಚಾರವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಯಾರಿಗಿರದು? ಆದರೆ ಆ ದಿನಗಳಲ್ಲಿ ಹಗಲು ಆರು ಗಂಟೆಗಳಷ್ಟೇ. ಮೋಡ ಕವಿದರೆ ಕಿರಣವೂ ಇಲ್ಲ. ಬಿರುಗಾಳಿ ಎದ್ದರೆ ಹಡಗೂ ಇಲ್ಲ. ಮೇ ತಿಂಗಳ ಕೊನೆಯಲ್ಲಾದರೋ ಹಗಲು 17 ಗಂಟೆಗಳಿಗೂ ಮಿಕ್ಕು ನಿಲ್ಲುತ್ತದೆ. ಉಪಾಧ್ಯಾಯರಿಗೆ ರಜೆ ದೊರೆಯುವುದೂ ಆಗಲೇ. ಕಿರಣದ ಆಸೆಯನ್ನು ತೊರೆದು ಮೇ ತಿಂಗಳನ್ನೇ ಆರಿಸಿಕೊಳ್ಳುವುದು ಲೇಸೆಂದು ನಮಗೆ ತೋರುತ್ತದೆ.

ಸ್ಕಾಟ್ಲೆಂಡಿನ ಸ್ಕ್ರಾಬ್‌ಸ್ಟರ್ ಬಂದರಿನಿಂದ ಹಡಗನ್ನೇರಿದರೆ, 'ಹಾಯ್‌ನ ಮುದುಕ' ಎಂದು ಹೆಸರಾದ 450 ಅಡಿಯ ಕಡಲಬಂಡೆಯನ್ನು ಬಳಸಿಕೊಂಡು, ಒಂದೂವರೆ ಗಂಟೆಯಲ್ಲಿ ಸ್ಟ್ರಾಮ್ನೆಸ್ ಊರನ್ನು ಸೇರಬಹುದು. ಮುಖ್ಯ ಸ್ಮಾರಕಗಳೆಲ್ಲವೂ ಅಲ್ಲಿಂದ ಕೆಲವೇ ಮೈಲಿಗಳೊಳಗಿವೆ. ಲೂಯಿಸ್ ದ್ವೀಪದ ಕ್ಯಾಲನಿಶ್ ಕಲ್ಲುಗಳನ್ನೂ ಕಾಣಬೇಕೆನ್ನುವವರು ಬೇರೊಂದು ಬಂದರಿಗೆ, ಬೇರೊಂದು ಹಡಗಿಗೆ ಹೋಗಬೇಕು; ಒಂದೇ ಯಾತ್ರೆಯಲ್ಲಿ ಎರಡನ್ನೂ ಸೇರಿಸುವುದು ದುರಾಶೆಯೇ ಸರಿ.

ಬ್ರಾಡ್ಗರ್ ವಲಯದ ವ್ಯಾಸ 340 ಅಡಿ. ಮೊದಲಿಗೆ 60 ಕಲ್ಲುಗಳಿದ್ದುವೆಂದು ಊಹೆ. ಮೋಟುಗಳೂ ಸೇರಿ 36 ಉಳಿದಿವೆ. 1980ರಲ್ಲಿ ಸಿಡಿಲೆರಗಿ ಒಂದು ಒಡೆಯಿತು. ಅಲ್ಲಿಗೆ ಒಂದು ಮೈಲಿಯ ಆಸುಪಾಸಿನಲ್ಲಿ ಸ್ಟೆನೆಸ್ ಕಲ್ಲುಗಳು. ಇದರ ಬಳಿಯಲ್ಲಿ ನಡುವೆ ರಂಧ್ರವಿದ್ದ 'ಓಡಿನ್ ಕಲ್ಲು' ಇದ್ದಿತು. ಪ್ರೇಮಿಗಳು ಆ ರಂಧ್ರದಲ್ಲಿ ಕೈಹಿಡಿದು ಆಣೆಯಿಡುತ್ತಿದ್ದರು. ನೋಡಬಂದವರು ಹೊಲವನ್ನು ತುಳಿಯುತ್ತಾರೆಂದು ಬೇಸತ್ತ ಗೇಣಿದಾರನೊಬ್ಬನು 1814ರ ಡಿಸೆಂಬರಿನಲ್ಲಿ ಅದನ್ನು ಒಡೆದುಹಾಕಿದನು. ಸಾವಿರಾರು ವರ್ಷ ಮಳೆಗಾಳಿಗೆ ಮಣಿಯದ ಕಲ್ಲು ಒಬ್ಬ ಮನುಷ್ಯನ ಸಿಟ್ಟಿಗೆ ಮಣಿಯಿತು.

ಮೇಸ್‌ಹೌ ಗೋರಿಯನ್ನು 12ನೆಯ ಶತಮಾನದಲ್ಲಿ ನಾರ್ಸ್ ಜನರು ಒಡೆದು ಹೊಕ್ಕು, ಗೋಡೆಗಳ ಮೇಲೆ ಸುಮಾರು 30 ರೂನ್ ಲಿಪಿಯ ಬರಹಗಳನ್ನು ಕೆತ್ತಿದ್ದಾರೆ. ದಾನಶಾಸನಗಳ ಗಾಂಭೀರ್ಯವನ್ನು ಇಲ್ಲಿ ಅರಸಬಾರದು. ಬಹುತೇಕ ಇವು ಹೆಸರುಗಳು, ನಿಧಿಯ ಮಾತು, ಹೆಂಗಸರ ಮಾತು, ಲಿಪಿವಿದ್ಯೆಯಲ್ಲಿ ತನಗೆ ಸಮನಿಲ್ಲವೆಂಬ ಒಬ್ಬನ ಜಂಬ!

ಇಲ್ಲೊಂದು ಮಾತು. 1840ರ ದಶಕದಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಆ ಸೀಮೆಯ ಕಲ್ಗೋರಿಗಳನ್ನು ಪರೀಕ್ಷಿಸಿ, ಬ್ರಿಟನ್ನಿನವುಗಳಿಗೂ ಇವುಗಳಿಗೂ ನಂಟನ್ನು ಕಲ್ಪಿಸಿ ಬರೆದನು. ಹೋಲಿಕೆಯೇನೋ ದಿಟ, ಆದರೆ ದಖ್ಖಣದ ಇಂಥ ಗೋರಿಗಳಲ್ಲಿ ಹೆಚ್ಚಿನವು ಕಬ್ಬಿಣಯುಗದವು. ನಡುವೆ ಎರಡು ಸಾವಿರ ವರ್ಷಗಳ ಅಂತರವಿರುವಲ್ಲಿ ನಂಟು ಹೇಗೆ ಕೂಡೀತು? ಇನ್ನು ಸ್ಟೋನ್‌ಹೆಂಜಿನ ಬಲಿಪೀಠಶಿಲೆಯು ಈಶಾನ್ಯ ಸ್ಕಾಟ್ಲೆಂಡಿನಿಂದ ಬಂದುದೆಂದು 2024ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಅದು ಆರ್ಕ್ನಿಯದೇ ಇರಬೇಕೆಂದು ಹಿಗ್ಗಿದವರ ಆಸೆಯನ್ನು ಅದೇ ವರ್ಷದ ಮತ್ತೊಂದು ಪರೀಕ್ಷೆ ಮುರಿಯಿತು.

ಬ್ರಾಡ್ಗರ್ ಬಳಿಯ ನೆಸ್ ಎಂಬಲ್ಲಿ ಸುಮಾರು ಎರಡು ದಶಕಗಳ ಕಾಲ ಉತ್ಖನನ ನಡೆದು, ಭವ್ಯ ಕಟ್ಟಡಗಳು ಹೊರಬಿದ್ದುವು. ಬಯಲಿಗೆ ಬಿದ್ದ ಕಲ್ಲು ಸವೆಯತೊಡಗಿದ್ದರಿಂದ 2024ರಲ್ಲಿ ಅವನ್ನು ಮತ್ತೆ ಮಣ್ಣಿನಿಂದ ಮುಚ್ಚಲಾಯಿತು. ಈಗ ಹೋದವರಿಗೆ ಕಾಣುವುದು ಹುಲ್ಲುಗಾವಲು ಮಾತ್ರ.

ಹಾಗೆ ಮುಚ್ಚದೆ ತೆರೆದಿಟ್ಟಿರುವುದು ಸ್ಕಾರಾ ಬ್ರೇ ಗ್ರಾಮ. 1850ರ ಬಿರುಗಾಳಿಯೊಂದು ಮರಳನ್ನು ಹಾರಿಸಿ ಇದನ್ನು ಬಯಲಿಗೆಳೆಯಿತು. ಮರವಿಲ್ಲದ ನಾಡಾದುದರಿಂದ ಮಂಚ, ಒಲೆ, ಪಾತ್ರೆಯಿಡುವ ಹಲಗೆ ಎಲ್ಲವೂ ಹಾಸುಗಲ್ಲಿನವೇ. ಆದುದರಿಂದಲೇ ಅವು ಉಳಿದುವು. 1928ರಿಂದ ಇಲ್ಲಿ ಅಗೆದ ಗಾರ್ಡನ್ ಚೈಲ್ಡನು ಇದನ್ನು ಪಿಕ್ಟರ ಗ್ರಾಮವೆಂದೇ ಬಗೆದನು. ಅನಂತರದ ಇಂಗಾಲಪರೀಕ್ಷೆಯಿಂದ ಅದರ ಕಾಲ ಕ್ರಿ.ಪೂ. 3100ರ ಸುಮಾರಿಗೆ ಹಿಂದೆ ಸರಿಯಿತು. ಜನರು ವಾಸವಾಗಿದ್ದಾಗ ಕಡಲು ದೂರದಲ್ಲಿದ್ದಿತು. ಈಗ ಅಲೆಗಳು 1920ರ ದಶಕದಲ್ಲಿ ಕಟ್ಟಿದ ತಡೆಗೋಡೆಯ ಬುಡಕ್ಕೆ ಬಡಿಯುತ್ತಿವೆ. ಗೋಡೆಯ ಇಕ್ಕೆಲಗಳಲ್ಲಿ ದಂಡೆ ಕೊಚ್ಚಿಹೋಗುತ್ತಿದೆ. ಆದುದರಿಂದ ಹಡಗಿಳಿದ ಮರುದಿನವೇ, ಬೇರೆಲ್ಲವನ್ನೂ ಬಿಟ್ಟು, ಸ್ಕಾರಾ ಬ್ರೇಯ ದಾರಿ ಹಿಡಿಯುವುದೆಂದು ನಾವು ಯೋಜನೆಯಲ್ಲಿ ಬರೆದುಕೊಂಡಿದ್ದೇವೆ. ಮೇಸ್‌ಹೌ ಒಳಹೋಗಲು ಮುಂಚಿತವಾಗಿ ಚೀಟಿ ಕಾಯ್ದಿರಿಸಬೇಕು. ಅದು ಮೂರನೆಯ ದಿನಕ್ಕಿರಲಿ.