ಛಾಪಾ ಕಾಗದದ ಹಿಂದಿನ ಕಥೆ

ಮನೆಯನ್ನೋ ನಿವೇಶನವನ್ನೋ ಕೊಳ್ಳುವವರಿಗೆ ಮಾರುವವರೊಡನೆ ಕುದುರಿದ ಬೆಲೆ ಒಂದು ಲೆಕ್ಕವಾದರೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ತೆರಬೇಕಾದ ಹಣ ಇನ್ನೊಂದು ಲೆಕ್ಕ. ಮುದ್ರಾಂಕ ಶುಲ್ಕ, ಅದರ ಮೇಲೊಂದು ಸೆಸ್ಸು, ಸರ್‌ಚಾರ್ಜು, ನೋಂದಣಿ ಶುಲ್ಕ, ಪತ್ರ ಬರಹಗಾರರ ಸಂಭಾವನೆ. ಇವೆಲ್ಲ ಎಲ್ಲಿಂದ ಬಂದವು?

ಭೂಮಿ ಕೈ ಬದಲಾದುದಕ್ಕೆ ನಮ್ಮಲ್ಲಿ ಹಿಂದೆ ಶಿಲಾಶಾಸನ, ತಾಮ್ರಪಟಗಳೇ ಸಾಕ್ಷಿ. ನಾಲ್ಕು ಎಲ್ಲೆಗಳನ್ನು ಹೇಳಿ, ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನು ಎಣಿಸಿ ಕೊಡುವುದು ವಿಜಯನಗರ ಕಾಲದ ಶಾಸನಗಳ ಪದ್ಧತಿ. ಈ ಮಾತುಗಳು ಇಂದಿಗೂ ಕನ್ನಡದ ಕ್ರಯಪತ್ರಗಳಲ್ಲಿ ಉಳಿದಿವೆ. ಒಕ್ಕಣೆ ನಮ್ಮದು, ಅದನ್ನು ಬರೆಯುವ ಛಾಪಾ ಕಾಗದ ಮಾತ್ರ ಹೊರಗಿನದು.

ಕಾಗದಕ್ಕೆ ಮುದ್ರೆಯೊತ್ತಿ ತೆರಿಗೆ ಎತ್ತುವ ಉಪಾಯವನ್ನು 1624ರಲ್ಲಿ ಜಾರಿಗೆ ತಂದವರು ಹಾಲೆಂಡಿನವರು. ಇಂಗ್ಲೆಂಡ್ 1694ರಲ್ಲಿ ಫ್ರಾನ್ಸಿನ ಮೇಲಿನ ಯುದ್ಧದ ಖರ್ಚಿಗೆಂದು ಅದನ್ನು ತಾತ್ಕಾಲಿಕವಾಗಿ ಅನುಸರಿಸಿತು. ಯುದ್ಧ ಮುಗಿಯಿತು, ತೆರಿಗೆ ಮುಗಿಯಲಿಲ್ಲ. 1765ರಲ್ಲಿ ಅಮೆರಿಕದ ವಸಾಹತುಗಳ ಮೇಲೆ ಇದನ್ನೇ ಹೇರಿದಾಗ ಜನ ದಂಗೆಯೆದ್ದರು. ಮರುವರ್ಷವೇ ಅದನ್ನು ಹಿಂದೆಗೆದುಕೊಳ್ಳಬೇಕಾಯಿತು. ಭಾರತಕ್ಕೆ ಇದು ಬಂದದ್ದು 1797ರಲ್ಲಿ, ಬಂಗಾಳದಲ್ಲಿ ಕಂಪನಿ ಸರ್ಕಾರ ಮಾಡಿದ ನಿಯಮದ ಮೂಲಕ. 1860ರ ಕಾಯಿದೆ ಅದನ್ನು ಬ್ರಿಟಿಷ್ ಭಾರತಕ್ಕೆಲ್ಲ ಹಬ್ಬಿಸಿತು. 1899ರ ಭಾರತೀಯ ಮುದ್ರಾಂಕ ಕಾಯಿದೆ ಈಗಲೂ ಜೀವಂತವಾಗಿದೆ. ನಮ್ಮ ರಾಜ್ಯಕ್ಕೆ 1957ರ ಪ್ರತ್ಯೇಕ ಕಾಯಿದೆಯುಂಟು.

ಮುದ್ರಾಂಕವೂ ನೋಂದಣಿಯೂ ಒಂದೇ ಅಲ್ಲವೆಂಬುದನ್ನು ಗಮನಿಸಬೇಕು. ಮೊದಲನೆಯದು ತೆರಿಗೆ, ಎರಡನೆಯದು ಪತ್ರವನ್ನು ಸರ್ಕಾರಿ ದಾಖಲೆಗೆ ಸೇರಿಸುವ ಸೇವೆಗೆ ಕೊಡುವ ಶುಲ್ಕ. ಒಂದೇ ಜಮೀನನ್ನು ಇಬ್ಬರಿಗೆ ಮಾರುವ ಮೋಸವನ್ನು ತಡೆಯುವುದು ನೋಂದಣಿಯ ಒಂದು ಉದ್ದೇಶ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಣಿಯಾಗಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳಿತು. ಆ ನೂರು ರೂಪಾಯಿ ಇಂದಿಗೂ ಬದಲಾಗಿಲ್ಲ.

ಶುಲ್ಕ ಬೆಲೆಯ ಮೇಲೆ ನಿಂತಿರುವುದರಿಂದ ಬೆಲೆಯನ್ನೇ ಕಡಿಮೆ ಬರೆಸುವ ಚಾಳಿ ಬೆಳೆಯಿತು. ಅದಕ್ಕೆ ಸರ್ಕಾರದ ಉತ್ತರ ಮಾರ್ಗಸೂಚಿ ಬೆಲೆ. ಆದರೆ ಕಡಿಮೆ ಬರೆಸಿದ ನಷ್ಟ ಸರ್ಕಾರದ್ದಷ್ಟೇ ಅಲ್ಲ. ರಸ್ತೆಗೋ ಕಾರ್ಖಾನೆಗೋ ಭೂಸ್ವಾಧೀನವಾದಾಗ ಪರಿಹಾರವನ್ನು ನಿಗದಿ ಮಾಡುವಾಗ ಸುತ್ತಲಿನ ನೋಂದಾಯಿತ ಕ್ರಯಪತ್ರಗಳ ಬೆಲೆಯನ್ನೂ ನೋಡುತ್ತಾರೆ. ಯಾರೋ ಉಳಿಸಿದ ಶುಲ್ಕವನ್ನು ಪಕ್ಕದ ಹೊಲದ ರೈತ ತೆರಬೇಕಾಗಬಹುದು.

ಕಾಗದದ ಮೇಲಿನ ನಂಬಿಕೆಯೂ ಒಮ್ಮೆ ಅಲುಗಾಡಿತು. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದದ ಜಾಲ ಹಲವು ರಾಜ್ಯಗಳಿಗೆ ಹಬ್ಬಿತ್ತು. ಅವನ ಬಂಧನವಾದದ್ದು 2001ರಲ್ಲಿ. ಆ ಹಗರಣದ ಬಳಿಕ ಛಾಪಾ ಕಾಗದದ ಜಾಗಕ್ಕೆ ಇ-ಸ್ಟಾಂಪಿಂಗ್ ಬಂತು.

ಹೊರೆ ಮಾತ್ರ ಹಗುರಾಗಿಲ್ಲ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿತು. ಆ ದರದಂತೆ 50 ಲಕ್ಷ ರೂಪಾಯಿಯ ಮನೆಗೆ ಶೇ. 5ರ ಮುದ್ರಾಂಕ ಶುಲ್ಕ ಎರಡೂವರೆ ಲಕ್ಷ, ನೋಂದಣಿಗೆ ಒಂದು ಲಕ್ಷ. ಸೆಸ್ಸು, ಸರ್‌ಚಾರ್ಜು ಬೇರೆ. ಇದಕ್ಕೆ ಹೆದರಿ ಜನರಲ್ ಪವರ್ ಆಫ್ ಅಟಾರ್ನಿಯ ಮೇಲೆ ಮನೆ ಕೊಂಡವರಿಗೆ ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ಹೇಳಿತು: ಅಂಥ ಪತ್ರದಿಂದ ಒಡೆತನ ಬರುವುದಿಲ್ಲ.

ಹಾಗೆಂದು ಶುಲ್ಕವನ್ನೆಲ್ಲ ಕಟ್ಟಿದ ಮಾತ್ರಕ್ಕೆ ಒಡೆತನ ಗಟ್ಟಿಯಾಯಿತೆಂದೂ ಅಲ್ಲ. ನಮ್ಮ ಕಾನೂನಿನಲ್ಲಿ ನೋಂದಣಿಯಾಗುವುದು ಪತ್ರ, ಹಕ್ಕಲ್ಲ. ಮಾರಿದವನಿಗೇ ಹಕ್ಕಿಲ್ಲದಿದ್ದರೆ ಕೊಂಡವನಿಗೆ ಉಳಿಯುವುದು ದುಬಾರಿಯಾದ ಕಾಗದ. ಮೂಲಪತ್ರ, ಋಣಭಾರ ಪತ್ರಗಳನ್ನು ಓದಿಸಿ ನೋಡಲು ವಕೀಲರಿಗೆ ಕೊಡುವ ಹಣವನ್ನು ಉಳಿಸಲು ಹೋಗಬಾರದು.