ಕನ್ನಡ ನಾಡಿನಲ್ಲಿ ದೇವವಾಕ್ಯದ ಶ್ರವಣ: ಒಂದು ಚಾರಿತ್ರಿಕ ವಿವೇಚನೆ

ಯೇಸುಸ್ವಾಮಿ ಹೇಳಿದ ಬಿತ್ತುವವನ ಸಾಮ್ಯವು ಸುಪ್ರಸಿದ್ಧವಾದುದು. ಒಂದೇ ಬೀಜವು ದಾರಿಯ ಮಗ್ಗುಲಲ್ಲಿಯೂ ಬಂಡೆಯ ನೆಲದಲ್ಲಿಯೂ ಮುಳ್ಳುಗಳ ನಡುವೆಯೂ ಒಳ್ಳೆಯ ಭೂಮಿಯಲ್ಲಿಯೂ ಬಿದ್ದು ಬೇರೆ ಬೇರೆ ಗತಿಯನ್ನು ಹೊಂದುತ್ತದೆ. ಬೀಜವು ದೇವರ ವಾಕ್ಯ. ನೆಲವು ಕೇಳುವವನ ಹೃದಯ. ನಮ್ಮ ನಾಡಿನ ಮಿಷನ್‌ಗಳ ಚರಿತ್ರೆಯಾದರೋ ಬಹುಮಟ್ಟಿಗೆ ಬಿತ್ತಿದವರ ಚರಿತ್ರೆಯೇ ಆಗಿದೆ. ನೆಲದ ಚರಿತ್ರೆಯತ್ತ ಗಮನ ಸೆಳೆಯುವುದು ಈ ಲೇಖನದ ಉದ್ದೇಶ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿದನು. ಅವನ ಪರಿಶ್ರಮದಿಂದ 1831ರ ವೇಳೆಗೆ ಸಮಗ್ರ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಆದರೆ ಅಕ್ಷರ ಕನ್ನಡವಾದ ಮಾತ್ರಕ್ಕೆ ಮಾತು ಎದೆಗೆ ಇಳಿಯುವುದಿಲ್ಲ. ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದರ ಪರಿಷ್ಕರಣಕ್ಕೆ ತೊಡಗಬೇಕಾಯಿತು. ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಪ್ರಕಟಿಸಿದನು. ಕಿಟ್ಟೆಲ್ 1862ರಲ್ಲಿ 'ಕಥಾಮಾಲೆ'ಯೆಂಬ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ರಚಿಸಿದನು. ಅವನ ನಿಘಂಟು ಹೊರಬಂದುದು 1894ರಲ್ಲಿ. ಇಲ್ಲಿನ ನೆಲ ಬೀಳುಭೂಮಿಯಾಗಿರಲಿಲ್ಲ. ಪುರಾಣ, ಗಮಕ, ಹರಿಕಥೆಗಳಿಂದ ಹದಗೊಂಡ ಕಿವಿ ಇಲ್ಲಿತ್ತು. ನವವಿಧ ಭಕ್ತಿಗಳಲ್ಲಿ ಶ್ರವಣವೇ ಮೊದಲನೆಯದೆಂದು ಈ ಜನ ಬಲ್ಲವರಾಗಿದ್ದರು. ಆದುದರಿಂದ ಬಿತ್ತಲು ಬಂದವರು ಮೊದಲು ಕೇಳಲು ಕಲಿಯಬೇಕಾಯಿತು.

ಕೇಳಿದವರು ತೆತ್ತ ಬೆಲೆಯನ್ನೂ ಮರೆಯಲಾಗದು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದರು. ಪತ್ನಿ ಅವರೊಡನೆ ಬರಲಿಲ್ಲ. ಮನೆತನದ ಬಾಗಿಲು ಮುಚ್ಚಿತು. ಮುಂದೆ ಅವರು ಬಾಸೆಲ್‌ನಲ್ಲಿ ವ್ಯಾಸಂಗ ಮಾಡಿ ಬೋಧಕರಾದರು. ದೀಕ್ಷಾಸ್ನಾನಗಳ ಲೆಕ್ಕ ಮಿಷನ್ನಿನ ವರದಿಗಳಲ್ಲಿ ದೊರೆಯುತ್ತದೆ. ತೆರೆದ ಹೃದಯ ಕಳೆದುಕೊಂಡುದೇನು, ಗಳಿಸಿದುದೇನು ಎಂಬುದು ಆ ಅಂಕಿಗಳಿಗೆ ಎಟಕುವುದಿಲ್ಲ.

ಕಥೋಲಿಕರಲ್ಲಿ ಈ ಚರಿತ್ರೆ ಬೇರೊಂದು ದಾರಿ ಹಿಡಿಯಿತು. ಹದಿನೇಳನೆಯ ಶತಮಾನದಲ್ಲಿಯೇ ಚಿನ್ನಾಮಿಯೆಂಬ ಜೆಸ್ವಿಟ್ ಪಾದ್ರಿ ಮೈಸೂರು ಸೀಮೆಯಲ್ಲಿ ಕನ್ನಡ ಕಲಿತು ಧರ್ಮಬೋಧೆ ಮಾಡಿದ್ದನು. ಆದರೂ ಬಲಿಪೂಜೆಯ ಭಾಷೆ ಲ್ಯಾಟಿನ್ ಆಗಿಯೇ ಉಳಿಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜೆಗೆ ದೇಶಭಾಷೆಗಳನ್ನು ತೆರೆಯಿತು. 1965ರ ಮತ್ತೊಂದು ಶಾಸನ ಧರ್ಮಗ್ರಂಥವನ್ನು ಪಠಿಸುವಂತೆ ವಿಶ್ವಾಸಿಗಳೆಲ್ಲರನ್ನೂ ಪ್ರೇರೇಪಿಸಿತು.

ಚಿಕ್ಕಮಗಳೂರಿನಿಂದ ಬೇರ್ಪಟ್ಟು ಶಿವಮೊಗ್ಗ ಧರ್ಮಕ್ಷೇತ್ರ ಸ್ಥಾಪಿತವಾದುದು 1988ರ ನವೆಂಬರ್ 14ರಂದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಮೊದಲಾದುದು 1923ರಲ್ಲಿ. ದುಡಿಮೆಯನ್ನು ಅರಸಿ ನಾನಾ ಕಡೆಗಳಿಂದ ಜನ ಈ ಸೀಮೆಗೆ ಬಂದರು. ಕನ್ನಡ, ಕೊಂಕಣಿ, ತಮಿಳು ಆಡುವ ಕ್ರೈಸ್ತರು ಇಲ್ಲಿ ಒಟ್ಟಿಗೆ ಬಾಳುತ್ತಾರೆ. ಹೃದಯ ಯಾವ ಭಾಷೆಯಲ್ಲಿ ಆಲಿಸುತ್ತದೆ ಎಂಬ ಪ್ರಶ್ನೆ ಇಲ್ಲಿ ಕೇವಲ ತತ್ತ್ವದ್ದಲ್ಲ. ಪೂಜೆಯ ಭಾಷೆ ಕರ್ನಾಟಕದಲ್ಲಿ ವಿವಾದಕ್ಕೂ ಎಡೆಮಾಡಿದೆ.

ಈ ಪ್ರಶ್ನೆಗೆ ಕಡತಗಳು ಪೂರ್ಣ ಉತ್ತರ ಕೊಡಲಾರವು. ಆಲ್ಕೊಳದಂತಹ ಬಡಾವಣೆಯಲ್ಲಿ ಹಿರಿಯರ ಬಳಿ ಕುಳಿತು, ಮೊದಲು ವಾಕ್ಯ ಕೇಳಿದುದು ಯಾರ ಬಾಯಲ್ಲಿ, ಸಂಕಟದಲ್ಲಿ ಪ್ರಾರ್ಥಿಸುವುದು ಯಾವ ನುಡಿಯಲ್ಲಿ ಎಂದು ವಿಚಾರಿಸುವ ವಿದ್ಯಾರ್ಥಿಗೆ ಹೊಸ ಆಕರ ದೊರೆತೀತು. ಆದರೆ ಅವನು ತೀರ್ಮಾನವನ್ನು ಮೊದಲೇ ಹೊತ್ತು ಹೋಗಬಾರದು. ಕೇಳುವವರ ಚರಿತ್ರೆಯನ್ನು ಬರೆಯುವವನಿಗೂ ಉತ್ತ ನೆಲದಂತಹ ಮನಸ್ಸು ಬೇಕು.