ತೂಬಿನ ಗಳುವಿನಿಂದ ಅಯಸ್ಕಾಂತದವರೆಗೆ

ನೀರಿನಡಿಯ ಕಂಡಿಯನ್ನು ಮೇಲೆ ನಿಂತೇ ತೆರೆದು ಮುಚ್ಚುವ ಕೆಲಸ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಗೆ ಹೊಸದಲ್ಲ. ಹಳೇ ಮೈಸೂರಿನ ಕೆರೆಗಳಲ್ಲಿ ಅದಕ್ಕೆ ತೂಬು ಇತ್ತು. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬ, ನಡುವೆ ತೂತು ಕೊರೆದ ಅಡ್ಡಗಲ್ಲು. ಅದರಲ್ಲಿ ಇಳಿಬಿಟ್ಟ ಗಳುವಿನ ತುದಿಯ ಮರದ ಬೆಣೆ ತಳದ ಕಂಡಿಗೆ ಬಿರಟೆಯಾಗುತ್ತಿತ್ತು. ನೀರುಗಂಟಿ ಗಳುವೆತ್ತಿದರೆ ಗದ್ದೆಗೆ ನೀರು. ಬೆಣೆ ಒಂದಿಷ್ಟು ಸೋರಿದರೂ ನಷ್ಟವಿಲ್ಲ, ಸೋರಿದ್ದೂ ಗದ್ದೆಗೇ ಹೋಗುತ್ತದೆ.

ತಲಕಾಡಿನ ಬಳಿ ಕಾವೇರಿಗೆ ಮಾಧವಮಂತ್ರಿ ಅಣೆ, ಕಪಿಲೆಗೆ, ಅಂದರೆ ಕಬಿನಿಗೆ, ಹುಲ್ಲಹಳ್ಳಿ ಅಣೆ ಬಂದು ನಾಲೆಗಳು ಹರಿದವು. 1974ರಲ್ಲಿ ಮುಗಿದ ಕಬಿನಿ ಜಲಾಶಯದಲ್ಲಿ ಉಕ್ಕಿನ ಗೇಟುಗಳನ್ನು ಯಂತ್ರ ಎತ್ತುತ್ತದೆ. ಗಾತ್ರ ಬೆಳೆಯಿತು, ಸೂತ್ರ ಬದಲಾಗಲಿಲ್ಲ.

ವಿದ್ಯುತ್ ಉಪಕರಣವೇ ನೀರಿಗಿಳಿದಾಗ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಒಳಗಿನ ಸ್ವಿಚ್ ತಿರುಗಿಸುವ ಸರಳು ಅದರ ಪೆಟ್ಟಿಗೆಯ ಗೋಡೆಯನ್ನು ತೂರುವ ಕಡೆ ವಾಷರ್ ಸವೆದರೆ ಒಂದು ಹನಿ ಸಾಕು, ಸರ್ಕ್ಯೂಟ್ ಕೆಡುತ್ತದೆ. ಅಯಸ್ಕಾಂತದ ಜೋಡಣೆಗೆ ತೂತೇ ಬೇಡ: ಹೊರಗಿನ ಅಯಸ್ಕಾಂತ ತಿರುಗಿದಂತೆ ಒಳಗಿನದೂ ತಿರುಗುತ್ತದೆ. ಗೋಡೆ ಪ್ಲಾಸ್ಟಿಕ್ಕಿನದೋ ಹಿತ್ತಾಳೆಯದೋ ಆಗಿರಬೇಕು. ಕಬ್ಬಿಣವಾದರೆ ಸೆಳೆತವನ್ನು ಅದೇ ನುಂಗಿಬಿಡುತ್ತದೆ. 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ರೀಡ್ ಸ್ವಿಚ್ ಇನ್ನೂ ಸರಳ: ಗಾಜಿನ ಕೊಳವೆಯೊಳಗಿನ ಎರಡು ತೆಳು ಲೋಹದ ಪಟ್ಟಿಗಳು ಅಯಸ್ಕಾಂತ ಬಳಿಗೆ ಬಂದೊಡನೆ ಅಂಟಿಕೊಂಡು ವಿದ್ಯುತ್ ಹರಿಸುತ್ತವೆ. ಮುಳುಗುಗಾರರ ಟಾರ್ಚುಗಳಲ್ಲೂ ತೊಟ್ಟಿಯ ಫ್ಲೋಟ್ ಸ್ವಿಚ್ಚುಗಳಲ್ಲೂ ಇದು ಉಂಟು.

ನಲ್ಲಿ ನೀರಿನ ಅನೇಕ ಮೀಟರುಗಳಲ್ಲೂ ಅಯಸ್ಕಾಂತದ ಜೋಡಣೆಯೇ. ಚಕ್ರ ನೀರಲ್ಲಿ ತಿರುಗುತ್ತದೆ, ಅಂಕಿಗಳು ಒಣ ಕೋಣೆಯಲ್ಲಿ. ಹೊರಗಿನಿಂದ ಬಲವಾದ ಅಯಸ್ಕಾಂತ ಹಿಡಿದು ಲೆಕ್ಕ ತಪ್ಪಿಸುವ ಕಿಲಾಡಿತನ ತಡೆಯಲು ತಯಾರಕರು ಒಳಗೆ ಕಬ್ಬಿಣದ ಕವಚ ತೊಡಿಸುತ್ತಾರೆ.